ರಾತ್ರಿಯಿಡೀ ವಿಮಾನದಲ್ಲಿ: ಚರ್ಮ ಒಣಗದಂತೆ ನೋಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಹೋಳಿಗೆಗೆ ಕಣಕ ಕಲಸಿ ಗೊತ್ತಿರುವವರಿಗೆ ಈ ಬರಹದ ಅರ್ಧ ಪಾಠ ಆಗಲೇ ಬಂದಿದೆ. ಕಲಸಿದ ಕಣಕವನ್ನು ಫ್ಯಾನಿನ ಕೆಳಗೆ ಹಾಗೇ ಬಿಟ್ಟರೆ ಮೇಲೆ ಪೊರೆ ಕಟ್ಟಿ ಬಿರಿಯುತ್ತದೆ. ಅದಕ್ಕೇ ಎಣ್ಣೆ ಹಾಕಿ, ತಟ್ಟೆ ಮುಚ್ಚಿಡುತ್ತಾರೆ. ಎಣ್ಣೆ ಹಿಟ್ಟಿಗೆ ನೀರು ಕೊಡುವುದಿಲ್ಲ. ಒಳಗಿರುವ ನೀರನ್ನು ಹೊರಗೆ ಬಿಡುವುದಿಲ್ಲ, ಅಷ್ಟೆ. ವಿಮಾನದಲ್ಲಿ ಚರ್ಮಕ್ಕೂ ಬೇಕಿರುವುದು ಇದೇ. ಹದವಾಗಿರುವಾಗಲೇ ಮುಚ್ಚಬೇಕು. ಬಿರಿದ ಮೇಲೆ ನೀರು ಚಿಮುಕಿಸುತ್ತ ಕೂತರೆ ಹಿಟ್ಟೂ ಸರಿಹೋಗುವುದಿಲ್ಲ, ಮುಖವೂ ಸರಿಹೋಗುವುದಿಲ್ಲ.

ದೇವನಹಳ್ಳಿಯಿಂದ ಯುರೋಪಿಗೆ, ಕೊಲ್ಲಿ ದೇಶಗಳಿಗೆ ಹೊರಡುವ ಎಷ್ಟೋ ವಿಮಾನಗಳು ಮಧ್ಯರಾತ್ರಿಯಿಂದ ಬೆಳಗಿನ ಜಾವದೊಳಗೆ ಏರುತ್ತವೆ. ಫ್ರಾಂಕ್‌ಫರ್ಟ್‌ಗೆ ಹತ್ತಿರ ಹತ್ತಿರ 10 ಗಂಟೆ, ಲಂಡನ್‌ಗೆ ಇನ್ನೂ ಸ್ವಲ್ಪ ಹೆಚ್ಚು. ಅಮೆರಿಕಕ್ಕೆ ಹೋಗುವವರಾದರೆ ನಡುವೆ ಇಳಿದು ಹತ್ತುವುದೂ ಸೇರಿ ಒಂದು ದಿನ ದಾಟುತ್ತದೆ. ಮೂರು ಗಂಟೆ ಮೊದಲೇ ನಿಲ್ದಾಣಕ್ಕೆ ಬಂದು ಏಸಿಯಲ್ಲಿ ಕೂರುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಚರ್ಮ ಒಣಗಲು ಶುರುವಾಗುವುದು ವಿಮಾನ ಏರಿದಾಗ ಅಲ್ಲ, ರಾತ್ರಿ ಊಟದ ಹೊತ್ತಿಗೇ.

ಒಳಗಿನ ಗಾಳಿ ಅಷ್ಟು ಒಣಗಿರುವುದೇಕೆ

35ರಿಂದ 40 ಸಾವಿರ ಅಡಿ ಎತ್ತರದಲ್ಲಿ ಹೊರಗಿನ ಗಾಳಿ ಸುಮಾರು ಮೈನಸ್ 55 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅಂಥ ಚಳಿಯ ಗಾಳಿಯಲ್ಲಿ ನೀರಾವಿ ಇಲ್ಲವೆನ್ನುವಷ್ಟು ಕಡಿಮೆ. ಅದೇ ಗಾಳಿಯನ್ನು ಒತ್ತಿ, ಹದವಾದ ಉಷ್ಣತೆಗೆ ತಂದು ಒಳಗೆ ಬಿಡುತ್ತಾರೆ. ಗಾಳಿ ಬೆಚ್ಚಗಾಯಿತೇ ಹೊರತು ಅದರಲ್ಲಿ ನೀರು ಹೆಚ್ಚಲಿಲ್ಲ. ಹೀಗಾಗಿ ಕ್ಯಾಬಿನ್‌ನ ಆರ್ದ್ರತೆ ಸಾಮಾನ್ಯವಾಗಿ ಶೇ. 10ರಿಂದ 20ರ ನಡುವೆ ಇರುತ್ತದೆ. ಮನೆಯಲ್ಲಿ ನಮಗೆ ಹಿತವೆನಿಸುವುದು ಶೇ. 40ರಿಂದ 60. ಮಂಗಳೂರು, ಉಡುಪಿಯ ಸೆಕೆಯಲ್ಲಿ ಬೆಳೆದು ಜೀವನದಲ್ಲಿ ಒಮ್ಮೆಯೂ ಕ್ರೀಮ್ ಮುಟ್ಟದವರಿಗೆ ಮೊದಲ ದೂರ ಪ್ರಯಾಣದಲ್ಲೇ ಮುಖ ಬಿಗಿಯುವುದು ಇದಕ್ಕೇ.

ಇನ್ನೊಂದು ತಮಾಷೆ ಇದೆ. ಕ್ಯಾಬಿನ್‌ನಲ್ಲಿ ಇರುವ ಅಷ್ಟಿಷ್ಟು ತೇವ ಬರುವುದು ಹೆಚ್ಚಾಗಿ ಪ್ರಯಾಣಿಕರ ಉಸಿರಿನಿಂದ, ಮೈ ಬೆವರಿನಿಂದ. ಜನ ಕಡಿಮೆ ಇದ್ದಷ್ಟೂ ಗಾಳಿ ಇನ್ನೂ ಒಣ. ದುಬಾರಿ ಟಿಕೆಟ್ಟಿನ ವಿಶಾಲ ಸೀಟಿನವರೇ ಈ ಒಂದು ವಿಷಯದಲ್ಲಿ ನಷ್ಟದಲ್ಲಿದ್ದಾರೆ. ಬೋಯಿಂಗ್ 787, ಏರ್‌ಬಸ್ ಎ350ರಂಥ ಹೊಸ ವಿಮಾನಗಳ ಒಡಲು ಕಾರ್ಬನ್ ನಾರಿನದಾದ್ದರಿಂದ ತುಕ್ಕಿನ ಭಯವಿಲ್ಲ. ಒಳಗೆ ತೇವ ತುಸು ಹೆಚ್ಚಿಡಬಹುದು. ಆದರೂ ಅದು ಮನೆಯ ಗಾಳಿಗೆ ಸಮವಲ್ಲ. ಕೆಳಗೆ ಹೇಳುವ ಕ್ರಮ ಅಲ್ಲೂ ಬೇಕು.

ಚರ್ಮದ ತೀರಾ ಮೇಲಿನ ಪದರ ಕಾಗದದ ಹಾಳೆಗಿಂತ ತೆಳು. ಸತ್ತ ಜೀವಕೋಶಗಳು ಇಟ್ಟಿಗೆಗಳಂತೆ, ಅವುಗಳ ನಡುವಿನ ಕೊಬ್ಬು ಗಾರೆಯಂತೆ. ಗಾರೆ ಗಟ್ಟಿಯಾಗಿದ್ದರೆ ನೀರು ಒಳಗೆ ನಿಲ್ಲುತ್ತದೆ. ಬಿಸಿನೀರು, ಸೋಪು, ಉಜ್ಜುವಿಕೆಯಿಂದ ಗಾರೆ ಉದುರಿದ್ದರೆ ಒಣಗಾಳಿಗೆ ದಾರಿ ಸಲೀಸು. ಆಗ ಮೊದಲು ಬಿಗಿತ, ಆಮೇಲೆ ಕಡಿತ, ಕೊನೆಗೆ ಹೊಟ್ಟಿನಂತೆ ಏಳುವುದು.

ಇಲ್ಲೇ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿಬಿಡೋಣ. ಲೀಟರ್‌ಗಟ್ಟಲೆ ನೀರು ಕುಡಿದರೆ ಮುಖ ಒಣಗುವುದಿಲ್ಲ ಎನ್ನುವುದು ನಿಜವಲ್ಲ. ಹೊಟ್ಟೆಗೆ ಹೋದ ನೀರು ಬಾಯಾರಿಕೆ, ತಲೆನೋವಿಗೆ ಆಗುತ್ತದೆ. ಮೇಲ್ಪದರದಿಂದ ಆರಿಹೋಗುವುದನ್ನು ಅದು ತಡೆಯದು. ನೀರು ಕುಡಿಯಿರಿ, ಆದರೆ ಕ್ರೀಮ್ ಬದಲಿಗೆ ಅಲ್ಲ.

ಚೀಲದಲ್ಲಿ ಏನಿರಬೇಕು, ಎಷ್ಟಿರಬೇಕು

ಕ್ರೀಮುಗಳ ಜಗತ್ತು ದೊಡ್ಡದು, ಆದರೆ ಮಾಡುವ ಕೆಲಸ ಮೂರೇ: ನೀರನ್ನು ಹಿಡಿದಿಡುವುದು, ಬಿರುಕು ತುಂಬಿ ನಯ ಮಾಡುವುದು, ಮೇಲೆ ಮುಚ್ಚುವುದು. ಮೊದಲನೆಯದಕ್ಕೆ ಗ್ಲಿಸರಿನ್, ಹಯಾಲುರೋನಿಕ್ ಆ್ಯಸಿಡ್, ಯೂರಿಯಾ. ಎರಡನೆಯದಕ್ಕೆ ಸೆರಾಮೈಡ್, ಸ್ಕ್ವಾಲೇನ್, ಕೆಲವು ಎಣ್ಣೆಗಳು. ಮೂರನೆಯದಕ್ಕೆ ವ್ಯಾಸಲಿನ್ ಎಂದೇ ನಾವು ಕರೆಯುವ ಪೆಟ್ರೋಲಿಯಂ ಜೆಲ್ಲಿ, ಡೈಮೆಥಿಕೋನ್, ಶಿಯಾ ಬೆಣ್ಣೆ. ಔಷಧಿ ಅಂಗಡಿಯ ಟ್ಯೂಬಿನ ಮೇಲೆ ‘ವೈಟ್ ಸಾಫ್ಟ್ ಪ್ಯಾರಾಫಿನ್’, ‘ಲೈಟ್ ಲಿಕ್ವಿಡ್ ಪ್ಯಾರಾಫಿನ್’ ಎಂದು ಬರೆದಿದ್ದರೆ ಅವೂ ಈ ಮೂರನೆಯ ಗುಂಪಿನವೇ. ಒಳ್ಳೆಯ ಕ್ರೀಮಿನಲ್ಲಿ ಮೂರರದೂ ಅಂಶ ಇರುತ್ತದೆ. ನೂರಿನ್ನೂರು ರೂಪಾಯಿಯ ಗ್ಲಿಸರಿನ್ ಕ್ರೀಮು ಮತ್ತು ಒಂದು ಪುಟ್ಟ ವ್ಯಾಸಲಿನ್ ಡಬ್ಬಿ ಇದ್ದರೆ ಸಾವಿರಾರು ರೂಪಾಯಿಯ ಸೀರಮ್ಮಿನ ಅಗತ್ಯ ಬೀಳದು ಎಂಬುದು ನಮ್ಮ ಅಭಿಪ್ರಾಯ.

ಅಳತೆಗೆ ಚರ್ಮವೈದ್ಯರು ಬಳಸುವ ಒಂದು ಸುಲಭ ಲೆಕ್ಕವಿದೆ. ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದ ಕ್ರೀಮು ಸುಮಾರು ಅರ್ಧ ಗ್ರಾಂ. ಇದನ್ನು ‘ಒಂದು ಬೆರಳು’ ಎನ್ನೋಣ. ಮುಖ ಮತ್ತು ಕತ್ತಿಗೆ ಎರಡೂವರೆ ಬೆರಳು ಬೇಕು. ಒಂದು ತೋಳಿಗೆ ಮೂರು, ಒಂದು ಹಸ್ತಕ್ಕೆ ಒಂದು. ಇಡೀ ಕಾಲಿಗೆ ಆರು, ಪಾದಕ್ಕೆ ಎರಡು. ಹೆಚ್ಚಿನವರು ಮುಖಕ್ಕೆ ಕಡಲೆಕಾಳಿನಷ್ಟು ಹಚ್ಚಿ ‘ಕ್ರೀಮು ಕೆಲಸ ಮಾಡಲಿಲ್ಲ’ ಎನ್ನುತ್ತಾರೆ. ಅದು ಬೇಕಾದ ಅಳತೆಯ ಕಾಲು ಭಾಗವೂ ಅಲ್ಲ.

ಈ ಲೆಕ್ಕದಲ್ಲಿ ಹತ್ತು ಹನ್ನೆರಡು ಗಂಟೆಯ ಪ್ರಯಾಣಕ್ಕೆ ಮುಖದ ಕ್ರೀಮು 5 ಗ್ರಾಂ ಸಾಕು. ಕೈಗೆ ಎಂಟು ಸಲ ಹಚ್ಚಿದರೂ 8 ಗ್ರಾಂ. ಮೊಣಕಾಲ ಕೆಳಗೆ ಮತ್ತು ಪಾದಗಳಿಗೆ ಒಂದು ಸಲಕ್ಕೆ 5 ಗ್ರಾಂ. ಮುಖಕ್ಕೆ 15 ಗ್ರಾಮಿನ ಡಬ್ಬಿ, ಮೈಗೆ 50 ಗ್ರಾಮಿನ ಟ್ಯೂಬು, 10 ಗ್ರಾಂ ವ್ಯಾಸಲಿನ್, ಒಂದು ತುಟಿಯ ಬಾಮ್: ಇಷ್ಟರಲ್ಲಿ ಹೋಗಿ ಬರುವುದೂ ಮುಗಿಯುತ್ತದೆ. ಇದರ ಜೊತೆ ಮೂಗಿಗೆ ಉಪ್ಪುನೀರಿನ ಸ್ಪ್ರೇ, ಕಣ್ಣಿಗೆ ಕೃತಕ ಕಣ್ಣೀರಿನ ಹನಿ, ಒಂದು ಹತ್ತಿ ಮಾಸ್ಕ್, ಹತ್ತಿ ಸಾಕ್ಸ್, ಮೆತ್ತನೆಯ ಶಾಲು, ಖಾಲಿ ನೀರಿನ ಬಾಟಲಿ.

ಭದ್ರತಾ ತಪಾಸಣೆಯಲ್ಲಿ ಕ್ರೀಮು, ಲೋಷನ್, ಜೆಲ್, ವ್ಯಾಸಲಿನ್ ಎಲ್ಲವೂ ದ್ರವವೆಂದೇ ಲೆಕ್ಕ. ಅಮ್ಮ ತುಟಿಗೆಂದು ಕಟ್ಟಿಕೊಟ್ಟ ತುಪ್ಪದ ಭರಣಿಯೂ ಅಷ್ಟೆ. ಇಲ್ಲಿಂದ ಹೊರಡುವ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಒಂದೊಂದು ಡಬ್ಬಿಯೂ 100 ಮಿಲಿಲೀಟರ್ ಮೀರಬಾರದು. ಎಲ್ಲವೂ ಒಂದು ಲೀಟರಿನ ಪಾರದರ್ಶಕ ಜಿಪ್ ಚೀಲದೊಳಗೆ ಹಿಡಿಯಬೇಕು. ನೋಡುವುದು ಡಬ್ಬಿಯ ಮೇಲೆ ಬರೆದ ಅಳತೆಯನ್ನೇ. 200 ಮಿಲಿಯ ಬಾಟಲಿಯಲ್ಲಿ ಕಾಲು ಭಾಗವೇ ಉಳಿದಿದ್ದರೂ ಅದು ಕಸದ ಬುಟ್ಟಿಗೆ ಹೋಗುತ್ತದೆ.

ಟ್ಯೂಬು ಸೋರುವುದು ಇನ್ನೊಂದು ಪೇಚು. ಕ್ಯಾಬಿನ್ ಒಳಗಿನ ಒತ್ತಡವನ್ನು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟಕ್ಕೆ ಇಡುತ್ತಾರೆ. ಡಬ್ಬಿಯೊಳಗೆ ಸಿಕ್ಕ ಗಾಳಿ ಆಗ ಹಿಗ್ಗುತ್ತದೆ. ಬೆಂಗಳೂರು ಆಗಲೇ ಮೂರು ಸಾವಿರ ಅಡಿ ಮೇಲಿರುವುದರಿಂದ ಇಲ್ಲಿ ಹಿಗ್ಗುವುದು ಸ್ವಲ್ಪ ಕಡಿಮೆ. ಮಂಗಳೂರಿನಲ್ಲೋ ದುಬೈನಲ್ಲೋ ಮುಚ್ಚಿದ ಡಬ್ಬಿಯಲ್ಲಿ ಹೆಚ್ಚು. ಮುಚ್ಚಳ ಹಾಕುವ ಮೊದಲು ಟ್ಯೂಬನ್ನು ಹಿಂಡಿ ಗಾಳಿ ತೆಗೆಯಿರಿ. ಮೇಲೆ ಹೋದಾಗ ಮೊದಲ ಸಲ ತೆರೆಯುವಾಗ ಬಾಯಿ ಮೇಲಿರಲಿ, ಸುತ್ತ ಟಿಶ್ಯೂ ಇರಲಿ.

ಎರಡು ದಿನ ಮೊದಲು: ಏನು ಮಾಡಬಾರದು

ಹೊರಡುವ ಸಂಭ್ರಮದಲ್ಲಿ ಪಾರ್ಲರಿಗೆ ಹೋಗಿ ಫೇಶಿಯಲ್, ಬ್ಲೀಚ್ ಮಾಡಿಸಿಕೊಂಡು ನೇರ ವಿಮಾನ ಹತ್ತುವವರಿದ್ದಾರೆ. ಅದು ಗಾರೆ ಕೆರೆದು ಮಳೆಗೆ ಒಡ್ಡಿದಂತೆ. ಸ್ಕ್ರಬ್, ಪೀಲ್, ವ್ಯಾಕ್ಸಿಂಗ್, ಥ್ರೆಡ್ಡಿಂಗ್ ಏನೇ ಇದ್ದರೂ ಮೂರು ದಿನ ಮೊದಲೇ ಮುಗಿಯಲಿ. ರೆಟಿನಾಲ್, ಗ್ಲೈಕೋಲಿಕ್ ಅಥವಾ ಸ್ಯಾಲಿಸಿಲಿಕ್ ಆ್ಯಸಿಡ್ ಬಳಸುವವರು ಎರಡು ಮೂರು ರಾತ್ರಿ ನಿಲ್ಲಿಸಿ. ವೈದ್ಯರು ಬರೆದುಕೊಟ್ಟದ್ದಾದರೆ ಅವರನ್ನು ಒಂದು ಮಾತು ಕೇಳಿ. ಗಡ್ಡ ಬೋಳಿಸುವುದು ಹಿಂದಿನ ದಿನವೇ ಆಗಲಿ. ಹೊಸ ಕ್ರೀಮನ್ನು ಮೊದಲ ಬಾರಿಗೆ ವಿಮಾನದಲ್ಲಿ ಪರೀಕ್ಷಿಸಬೇಡಿ. ಅಲರ್ಜಿಯಾದರೆ ತೊಳೆಯಲು ಅಲ್ಲಿರುವುದು ಅಂಗೈಯಗಲದ ಬೇಸಿನ್ ಮಾತ್ರ.

ಹಿಮ್ಮಡಿ ಒಡೆಯುವವರು ಒಂದು ವಾರ ಮೊದಲೇ ಶುರುಮಾಡಬೇಕು. ಶೇ. 10ರಿಂದ 20ರಷ್ಟು ಯೂರಿಯಾ ಇರುವ ಕ್ರೀಮನ್ನು ರಾತ್ರಿ ಹಚ್ಚಿ ಸಾಕ್ಸ್ ಹಾಕಿ ಮಲಗಿ. ಸೀಳು ಆಗಲೇ ಹಸಿಯಾಗಿದ್ದರೆ ಯೂರಿಯಾ ಉರಿಯುತ್ತದೆ. ಅದಕ್ಕೆ ವ್ಯಾಸಲಿನ್ ಸಾಕು.

ಹೊರಡುವ ಸಂಜೆ: ಇದೇ ಮುಖ್ಯ ಹಂತ

ಇಡೀ ಕ್ರಮದಲ್ಲಿ ಒಂದನ್ನೇ ಮಾಡಲು ಆಗುವುದಾದರೆ ಇದನ್ನು ಮಾಡಿ. ಸ್ನಾನ ಉಗುರುಬೆಚ್ಚಗಿನ ನೀರಲ್ಲಿ, ಹತ್ತು ನಿಮಿಷದೊಳಗೆ. ಸೋಪು ಕಂಕುಳು, ತೊಡೆಸಂದು, ಪಾದಗಳಿಗಷ್ಟೇ. ಕಡಲೆಹಿಟ್ಟು, ಸೀಗೆಪುಡಿಯಿಂದ ಮೈ ಉಜ್ಜುವ ರೂಢಿಯಿದ್ದರೆ ಆವತ್ತು ಬೇಡ. ಎರಡೂ ಜಿಡ್ಡು ಎಳೆಯುವಂಥವು.

ಟವಲಿನಿಂದ ಒತ್ತಿ ಒರೆಸಿ, ತಿಕ್ಕಬೇಡಿ. ಮೈ ಇನ್ನೂ ತೇವವಾಗಿರುವಾಗಲೇ, ಮೂರು ನಿಮಿಷದೊಳಗೆ ಕ್ರೀಮು ಹಚ್ಚಿ. ಈ ಮೂರು ನಿಮಿಷದಲ್ಲೇ ಗುಟ್ಟಿರುವುದು: ಮೇಲ್ಪದರ ನೀರು ಹೀರಿ ಉಬ್ಬಿರುತ್ತದೆ, ಅದು ಆರುವ ಮೊದಲೇ ಮುಚ್ಚಬೇಕು. ಮೊದಲು ಮುಖ, ಆಮೇಲೆ ಕೈಕಾಲು, ಕೊನೆಗೆ ಮೊಣಕಾಲ ಕೆಳಗಿನ ಮುಂಭಾಗ. ಅಲ್ಲಿ ಎಣ್ಣೆಯ ಗ್ರಂಥಿಗಳು ಕಡಿಮೆ. ಉಗುರಲ್ಲಿ ಗೀರಿದರೆ ಬಿಳಿ ಗೆರೆ ಮೂಡುವುದೂ ಮೊದಲು ಅಲ್ಲೇ.

ಕೊಬ್ಬರಿ ಎಣ್ಣೆ ಆಗುವುದಿಲ್ಲವೇ ಎಂದು ಕೇಳುವವರು ಬಹಳ. ಆಗುತ್ತದೆ, ಮೈಗೆ. ಒದ್ದೆ ಮೈಮೇಲೆ ಅಥವಾ ಕ್ರೀಮಿನ ಮೇಲೆ ಒಂದೆರಡು ಚಮಚೆ ಸವರಿದರೆ ಒಳ್ಳೆಯ ಮುಚ್ಚಳವೇ. ಒಣ ಮೈಗೆ ಹಚ್ಚಿದರೆ ಹೊಳಪು ಬರುತ್ತದೆ, ತೇವ ಬರುವುದಿಲ್ಲ. ಮೊಡವೆ ಏಳುವ ಮುಖಕ್ಕೆ ಅದು ಬೇಡ, ರಂಧ್ರ ಕಟ್ಟುತ್ತದೆ. ಅಂಥವರಿಗೆ ಡೈಮೆಥಿಕೋನ್ ಇರುವ, ಎಣ್ಣೆಯಿಲ್ಲದ ಜೆಲ್ ಕ್ರೀಮು ಮೇಲು. ಅಜ್ಜಿಯ ಕಾಲದ ಗ್ಲಿಸರಿನ್ ಮತ್ತು ಪನ್ನೀರು ಕೂಡ ಸರಿಯೇ, ಆದರೆ ಗ್ಲಿಸರಿನ್ ಹಾಗೇ ಹಚ್ಚಿದರೆ ಉರಿಯುತ್ತದೆ, ಅಂಟುತ್ತದೆ. ಒಂದು ಚಮಚೆಗೆ ನಾಲ್ಕು ಚಮಚೆ ಪನ್ನೀರು ಬೆರೆಸಿ, ಹಚ್ಚಿದ ಮೇಲೆ ತೆಳುವಾಗಿ ಎಣ್ಣೆಯನ್ನೋ ಕ್ರೀಮನ್ನೋ ಸವರಿ.

ಬಟ್ಟೆ ತುಂಬುತೋಳಿನದು, ಹತ್ತಿಯದು. ಸೀರೆ ಉಡುವವರು ಸಾಕ್ಸ್ ಹಾಕಿಕೊಂಡರೆ ಪಾದ, ಮೀನಖಂಡಕ್ಕೆ ತಣ್ಣಗಿನ ಗಾಳಿ ಹೊಡೆಯುವುದಿಲ್ಲ. ಸ್ಟಿಕರ್ ಬಿಂದಿ ಇಡುವವರು ಹುಬ್ಬಿನ ನಡುವಿನ ಒಂದಿಷ್ಟು ಜಾಗಕ್ಕೆ ಕ್ರೀಮು ಹಚ್ಚಬೇಡಿ, ಇಲ್ಲದಿದ್ದರೆ ಅದು ಸೆಕ್ಯುರಿಟಿ ದಾಟುವ ಮೊದಲೇ ಬಿದ್ದಿರುತ್ತದೆ. ಮಲಗುವ ಮುನ್ನ ಬಿಂದಿ ತೆಗೆದು ಆ ಜಾಗಕ್ಕೂ ಹಚ್ಚಿ.

ಏರಿದ ಮೇಲೆ

ಸೀಟಿಗೆ ಕೂತ ತಕ್ಷಣ ತಲೆಯ ಮೇಲಿನ ಗಾಳಿಯ ನಳಿಕೆಯನ್ನು ನೋಡಿ. ಅದು ನೇರ ಮುಖಕ್ಕೆ ಬೀಸುತ್ತಿದ್ದರೆ ಎಷ್ಟು ಕ್ರೀಮು ಹಚ್ಚಿದರೂ ಫ್ಯಾನಿನ ಕೆಳಗೆ ಒದ್ದೆ ಬಟ್ಟೆ ಹರವಿದಂತೆಯೇ. ಪೂರ್ತಿ ಮುಚ್ಚಬೇಕಿಲ್ಲ, ಮುಖದ ಮುಂದಿನಿಂದ ಮಡಿಲಿಗೆ ಬೀಳುವಂತೆ ತಿರುಗಿಸಿ. ಕಾಂಟ್ಯಾಕ್ಟ್ ಲೆನ್ಸ್ ಆಗಲೇ ತೆಗೆದು ಕನ್ನಡಕ ಹಾಕಿಕೊಳ್ಳಿ.

ತುಟಿಗೆ ಬಾಮ್ ಈಗಲೇ. ತುಟಿಯ ಚರ್ಮ ತೀರ ತೆಳು, ತನ್ನದೇ ಎಣ್ಣೆಯ ಆಸರೆಯೂ ಅದಕ್ಕಿಲ್ಲ. ನಾಲಿಗೆ ಸವರಿದರೆ ಎಂಜಲು ಆರುತ್ತಾ ಇದ್ದ ತೇವವನ್ನೂ ಒಯ್ಯುತ್ತದೆ, ಮತ್ತೆ ಸವರಬೇಕೆನಿಸುತ್ತದೆ. ತಂಪೆನಿಸುವ ಮೆಂಥಾಲ್, ಕರ್ಪೂರದ ಬಾಮುಗಳು ಒಡೆದ ತುಟಿಯನ್ನು ಇನ್ನಷ್ಟು ಕೆರಳಿಸುತ್ತವೆ. ವಾಸನೆಯಿಲ್ಲದ ಜಿಡ್ಡಿನ ಬಾಮೋ ವ್ಯಾಸಲಿನ್ನೋ ಇರಲಿ. ಎರಡು ಗಂಟೆಗೊಮ್ಮೆ, ಪ್ರತಿ ಊಟದ ನಂತರ ಹಚ್ಚಿ.

ಊಟವಾಗಿ ದೀಪ ಆರಿಸುವ ಮೊದಲು ಶೌಚಾಲಯದಲ್ಲಿ ಐದು ನಿಮಿಷದ ಕೆಲಸ. ಕೈ ತೊಳೆದುಕೊಳ್ಳಿ. ಮುಖಕ್ಕೆ ಅಲ್ಲಿನ ಸೋಪು ಬೇಡ. ಬಾಟಲಿಯ ಕುಡಿಯುವ ನೀರಲ್ಲೇ ಎರಡು ಬೊಗಸೆ ಮುಖಕ್ಕೆ ತೇವ ಮಾಡಿ, ಅಂಗೈಯಿಂದ ಒತ್ತಿ, ಒರೆಸದೆ ಒಂದೂವರೆ ಬೆರಳು ಕ್ರೀಮು ಹಚ್ಚಿ. ಅದರ ಮೇಲೆ ಒಂದು ಬಟಾಣಿಯಷ್ಟು ವ್ಯಾಸಲಿನ್ನನ್ನು ಬೆರಳಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಕೆನ್ನೆಯ ಉಬ್ಬು, ಮೂಗಿನ ಪಕ್ಕ, ಕಣ್ಣಿನ ಕೆಳಗಿನ ಮೂಳೆಯ ಮೇಲೆ ಒತ್ತಿ. ರೆಪ್ಪೆಗೆ ತಾಗಿಸಬೇಡಿ, ನಿದ್ದೆಯಲ್ಲಿ ಕಣ್ಣಿಗಿಳಿದು ಮಬ್ಬು ಕವಿಯುತ್ತದೆ. ಒರೆಸುವ ಒದ್ದೆ ವೈಪ್ಸ್‌ಗಳಲ್ಲಿ ಆಲ್ಕೋಹಾಲ್ ಇದ್ದರೆ ಮುಖದಿಂದ ದೂರವಿಡಿ.

ಮೂಗಿನ ಒಳಗೆ ಉಪ್ಪುನೀರಿನ ಸ್ಪ್ರೇ ಎರಡೆರಡು ಬಾರಿ. ಹೊಳ್ಳೆಯ ಅಂಚಿಗೆ ಬೇಕಾದರೆ ತೆಳುವಾಗಿ ವ್ಯಾಸಲಿನ್. ಆಳಕ್ಕೆ ತುಂಬಬೇಡಿ, ಜಿಡ್ಡು ಶ್ವಾಸಕೋಶಕ್ಕೆ ಇಳಿಯುವುದು ಒಳ್ಳೆಯದಲ್ಲ. ಆಮೇಲೆ ಹತ್ತಿ ಮಾಸ್ಕ್ ಹಾಕಿ ಮಲಗಿ. ಬಿಟ್ಟ ಉಸಿರಿನ ತೇವ ಅಲ್ಲೇ ಸುಳಿದಾಡುವುದರಿಂದ ಮೂಗು, ತುಟಿ, ಗಲ್ಲಕ್ಕೆ ಅದೇ ಸ್ವಂತದೊಂದು ಮಳೆಗಾಲ. ಇಡೀ ಪಟ್ಟಿಯಲ್ಲಿ ಅತ್ಯಂತ ಅಗ್ಗದ, ಅತ್ಯಂತ ಕಡೆಗಣಿತ ವಸ್ತು ಇದು.

ನಡುರಾತ್ರಿ ಎಚ್ಚರವಾದರೆ ಕೈ, ತುಟಿ ನೋಡಿಕೊಂಡರೆ ಸಾಕು. ಇದಕ್ಕೆಂದೇ ಅಲಾರಂ ಇಟ್ಟು ಏಳುವುದು ಅತಿಯಾಯಿತು. ಸ್ಯಾನಿಟೈಸರ್ ಬಳಸಿದಾಗಲೆಲ್ಲ ಅದು ಆರಿದ ಮೇಲೆ ಕೈಗೆ ಕ್ರೀಮು ಹಚ್ಚುವುದನ್ನು ಮರೆಯಬೇಡಿ. ಎಚ್ಚರವಿರುವಾಗ ಒಂದೆರಡು ಗಂಟೆಗೊಂದು ಲೋಟ ನೀರು; ಮದ್ಯ ಬೇಡ, ಕಾಫಿ ಒಂದೇ ಲೋಟ. ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ವೈದ್ಯರು ನೀರಿನ ಮಿತಿ ಹಾಕಿದ್ದರೆ ಆ ಮಿತಿಯೇ ಅಂತಿಮ.

ಜಾಹೀರಾತಿನಲ್ಲಿ ಚೆಂದ, ವಿಮಾನದಲ್ಲಿ ಅಲ್ಲ

ಮುಖಕ್ಕೆ ಚಿಮುಕಿಸುವ ಮಿಸ್ಟ್ ಹತ್ತು ಸೆಕೆಂಡ್ ಹಾಯೆನಿಸುತ್ತದೆ, ಆಮೇಲೆ ಆರಿಹೋಗುತ್ತದೆ. ಮೇಲೆ ಕ್ರೀಮು ಹಚ್ಚುವುದಿದ್ದರೆ ಮಾತ್ರ ಅದಕ್ಕೆ ಅರ್ಥ. ಹಯಾಲುರೋನಿಕ್ ಸೀರಮ್ ಒಂದನ್ನೇ ಹಚ್ಚಿದರೂ ಇದೇ ಕಥೆ. ಅದು ನೀರನ್ನು ಹಿಡಿಯುವ ವಸ್ತು, ನೀರನ್ನು ಹುಟ್ಟಿಸುವುದಲ್ಲ. ಶೇ. 15ರ ಆರ್ದ್ರತೆಯಲ್ಲಿ ಗಾಳಿಯಿಂದ ಅದಕ್ಕೆ ಸಿಗುವುದು ಏನೂ ಇಲ್ಲ. ಮುಖಕ್ಕೆ ಅಂಟಿಸುವ ಒದ್ದೆ ಹಾಳೆಯನ್ನು, ಅಂದರೆ ಶೀಟ್ ಮಾಸ್ಕನ್ನು, ಹದಿನೈದು ನಿಮಿಷ ಇಟ್ಟು ತೆಗೆದು ಕ್ರೀಮು ಹಚ್ಚಿದರೆ ತೊಂದರೆಯಿಲ್ಲ, ಆದರೆ ಜನ ಅದನ್ನು ಹಾಕಿಕೊಂಡೇ ನಿದ್ದೆ ಹೋಗುತ್ತಾರೆ. ಹಾಳೆ ಒಣಗುತ್ತ ಬಂದಂತೆ ಮುಖದ ತೇವವನ್ನೂ ಎಳೆದುಕೊಳ್ಳುತ್ತದೆ. ಪಕ್ಕದ ಸೀಟಿನವರು ಬೆಚ್ಚಿಬೀಳುವುದು ಬೇರೆ ವಿಷಯ.

ಕೆಲವರಿಗೆ ಪ್ರತ್ಯೇಕ ಎಚ್ಚರ

ಮಗಳ ಬಾಣಂತನಕ್ಕೋ ಮೊಮ್ಮಗನನ್ನು ನೋಡಲೋ ಮೊದಲ ಸಲ ಸಾಗರ ದಾಟುವ ಅಪ್ಪ–ಅಮ್ಮಂದಿರ ಚರ್ಮ ವಯಸ್ಸಿಗೇ ಒಣಗಿರುತ್ತದೆ. ಅವರಿಗೆ ಲೋಷನ್ ಸಾಲದು, ಗಟ್ಟಿ ಕ್ರೀಮು ಬೇಕು. ಮನೆಯಲ್ಲೇ ಹಚ್ಚಿಸಿ ಕಳಿಸಿ. ವಿಮಾನದೊಳಗೆ ಬಗ್ಗಿ ಕಾಲಿಗೆ ಹಚ್ಚಿಕೊಳ್ಳುವುದು ಅವರಿಗೆ ಕಷ್ಟ. ಬಿಗಿ ಕಾಲುಚೀಲ ಹಾಕುವವರು ಕ್ರೀಮು ಪೂರ್ತಿ ಹೀರಿದ ಮೇಲೆ, ಅಂದರೆ ಅರ್ಧ ಗಂಟೆ ಬಿಟ್ಟು ಹಾಕಲಿ. ಸಕ್ಕರೆ ಕಾಯಿಲೆ ಇರುವವರು ಬೆರಳ ಸಂದಿಗೆ ಕ್ರೀಮು ತುಂಬಬಾರದು, ಅಲ್ಲಿ ತೇವ ನಿಂತರೆ ಬೂಷ್ಟಿನ ಸೋಂಕು. ಒಂದೇ ಕಾಲು ಊದಿ ನೋಯುತ್ತಿದ್ದರೆ ಅದು ಚರ್ಮದ ವಿಷಯವಲ್ಲ, ರಕ್ತ ಹೆಪ್ಪುಗಟ್ಟಿರಬಹುದು. ಕೂಡಲೇ ವೈದ್ಯರ ಬಳಿಗೆ ಹೋಗಬೇಕು.

ಇಸುಬು, ಸೋರಿಯಾಸಿಸ್ ಇರುವವರು ಮುಲಾಮನ್ನು ಚೀಟಿಯ ಸಮೇತ ಕೈಚೀಲದಲ್ಲೇ ಇಡಿ. ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ತುಟಿಯ ಬಾಮ್ ಗಂಟೆಗೊಮ್ಮೆ ಬೇಕು. ಆಮ್ಲಜನಕದ ಸಾಧನ ಬಳಸುವವರು ಮೂಗು, ತುಟಿಗೆ ವ್ಯಾಸಲಿನ್ ಹಚ್ಚಬಾರದು, ಬೆಂಕಿಯ ಅಪಾಯವಿದೆ; ನೀರಿನ ಆಧಾರದ ಜೆಲ್ ಬಳಸಿ. ಹಸುಗೂಸಿಗೆ ಸುವಾಸನೆಯಿಲ್ಲದ ಕ್ರೀಮು ಕೆನ್ನೆಗೆ ಮಾತ್ರ ತೆಳುವಾಗಿ ಸವರಿದರೆ ಸಾಕು.

ಇಳಿಯುವ ಮೊದಲು ಮತ್ತು ನಂತರ

ಇಳಿಯಲು ಒಂದು ಗಂಟೆ ಇರುವಾಗ ಟಿಶ್ಯೂ ಒತ್ತಿ ಹೆಚ್ಚಿನ ಜಿಡ್ಡು ತೆಗೆದು, ಮುಖ ತೇವ ಮಾಡಿ ಮತ್ತೊಮ್ಮೆ ಕ್ರೀಮು. ಹಗಲಲ್ಲಿ ಇಳಿಯುವುದಾದರೆ ಹತ್ತು ನಿಮಿಷ ಬಿಟ್ಟು ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್. ಕಿಟಕಿಯ ಸೀಟಿನವರು ಬೆಳಕು ಹರಿಯುವ ಮೊದಲೇ ಹಚ್ಚಲಿ, ಇಲ್ಲವೇ ಪರದೆ ಎಳೆಯಲಿ. ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ಚರ್ಮ ಸುಡಿಸುವ ಯುವಿಬಿಯನ್ನು ಕಿಟಕಿ ತಡೆದರೂ ಯುವಿಎ ಸ್ವಲ್ಪ ಮಟ್ಟಿಗೆ ನುಸುಳಬಹುದು.

ಹೋಟೆಲ್ಲಿಗೋ ಮನೆಗೋ ಮುಟ್ಟಿದ ಕೂಡಲೇ ಸುಡುನೀರಿನ ಷವರ್ ಕೆಳಗೆ ಅರ್ಧ ಗಂಟೆ ನಿಲ್ಲುವ ಆಸೆ ಸಹಜ. ರಾತ್ರಿಯಿಡೀ ಉಳಿಸಿಕೊಂಡದ್ದೆಲ್ಲ ಅಲ್ಲಿ ತೊಳೆದುಹೋಗುತ್ತದೆ. ಮತ್ತೆ ಅದೇ ಉಗುರುಬೆಚ್ಚಗಿನ ಹತ್ತು ನಿಮಿಷ, ಅದೇ ಮೂರು ನಿಮಿಷದೊಳಗೆ ಕ್ರೀಮು. ಡಿಸೆಂಬರ್, ಜನವರಿಯಲ್ಲಿ ಶಿಕಾಗೋಗೋ ಫ್ರಾಂಕ್‌ಫರ್ಟ್‌ಗೋ ಇಳಿದವರು ಹೀಟರಿನ ಗಾಳಿಗೆ ಬಿದ್ದಿರುತ್ತಾರೆ. ಅದೂ ಕ್ಯಾಬಿನ್ನಿನ ಅಣ್ಣನೇ. ಮೊದಲ ಮೂರು ದಿನ ಬೆಳಿಗ್ಗೆ, ರಾತ್ರಿ ಎರಡೂ ಹೊತ್ತು ಮೈಗೆ ಹಚ್ಚಿ, ನಿಲ್ಲಿಸಿದ್ದ ರೆಟಿನಾಲನ್ನು ಬಿಗಿತ ಹೋದ ಮೇಲಷ್ಟೇ ಶುರುಮಾಡಿ. ವಾರವಾದರೂ ಹೊಟ್ಟು ಏಳುವುದು ನಿಲ್ಲದಿದ್ದರೆ, ಸೀಳಿನಿಂದ ರಕ್ತವೋ ಕೀವೋ ಕಂಡರೆ ವೈದ್ಯರಿಗೆ ತೋರಿಸಿ. ವ್ಯಾಸಲಿನ್ ಡಬ್ಬಿಯಲ್ಲಿ ಎಷ್ಟು ಉಳಿದಿದೆಯೆಂದು ಆವತ್ತೇ ನೋಡಿ ತುಂಬಿಸಿಟ್ಟುಕೊಳ್ಳಿ, ವಾಪಸು ಬರುವ ರಾತ್ರಿಗೂ ಅದು ಬೇಕು.